ಗಂಟೆಯನ್ನು 0 ಮಾಡಿದರೂ ಮಧ್ಯಾಹ್ನ 12 ಯಾಕೆ ಬರುತ್ತಿದೆ?

ಸಾಲು42:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ದಯವಿಟ್ಟು ಯಾರಾದರೂ ನೋಡಿ. ಹಾಜರಿ ಲೆಕ್ಕ ಇಡುವ ಒಂದು ಹಳೆಯ ಜಾವಾ ಪ್ರೋಗ್ರಾಂ ನನ್ನ ಕೈಗೆ ಬಂದಿದೆ. ಅದರಲ್ಲಿ ಇವತ್ತಿನ ಹಾಜರಿ ಅಂತ ಒಂದು ಪಟ್ಟಿ ಇದೆ. ಈಗಿನ ಸಮಯವನ್ನು ಕ್ಯಾಲೆಂಡರ್ ಆಬ್ಜೆಕ್ಟ್‌ನಲ್ಲಿ ತೆಗೆದುಕೊಂಡು, ‘ಅವರ್’, ‘ಮಿನಿಟ್’, ‘ಸೆಕೆಂಡ್’ ಮೂರು ಫೀಲ್ಡನ್ನೂ ‘ಸೆಟ್’ ಮಾಡಿ 0 ಇಟ್ಟು, ಅಲ್ಲಿಂದೀಚಿನ ಎಂಟ್ರಿಗಳನ್ನೆಲ್ಲ ಡೇಟಾಬೇಸ್‌ನಿಂದ ತರುತ್ತದೆ. ಅಷ್ಟೇ ಕೆಲಸ.

ಬೆಳಿಗ್ಗೆ ಓಡಿಸಿದರೆ ಎಲ್ಲ ಸರಿ. ಊಟ ಮುಗಿಸಿ ಬಂದು ಅದನ್ನೇ ಓಡಿಸಿದರೆ ಬೆಳಗಿನ ಹಾಜರಿಯೆಲ್ಲ ಮಾಯ! ಪ್ರಿಂಟ್ ಹಾಕಿ ನೋಡಿದೆ. 0 ಮಾಡಿದ ಮೇಲೂ ಸಮಯ ಮಧ್ಯಾಹ್ನ 12:00 ಅಂತ ತೋರಿಸುತ್ತಿದೆ. ಸೆಟ್ ಬೇಡ ಅಂತ ‘ಕ್ಲಿಯರ್’ ಹಾಕಿ ನೋಡಿದೆ. ನಿಮಿಷ, ಸೆಕೆಂಡ್ ಅಳಿಸಿಹೋಯಿತು, ಗಂಟೆ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. 3:20ಕ್ಕೆ ಓಡಿಸಿದರೆ 3:00 ಅಂತ ನಿಲ್ಲುತ್ತದೆ. ‘ಅವರ್ ಆಫ್ ಡೇ’ಯನ್ನು ಕ್ಲಿಯರ್ ಮಾಡಿದರೂ ಅದೇ ಕಥೆ.

ಇನ್ನೊಂದು ಸಮಸ್ಯೆಯೂ ಇದೆ. ಕೆಲಸ ಬಿಟ್ಟ ದಿನಾಂಕ ಅಂತ ಒಂದು ಕಾಲಂ ಇದೆ. ಅದನ್ನು ಖಾಲಿ ಮಾಡಿ ಉಳಿಸಿದರೆ ಕೆಲವು ಸಲ 1970ರ ಜನವರಿ 1 ಅಂತ ಬಂದು ಕೂರುತ್ತದೆ. ಎರಡಕ್ಕೂ ಸಂಬಂಧ ಇದೆಯಾ?

ಹಳೇಜಾವಾ:

ಮೊದಲನೆಯದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಬೆಳಿಗ್ಗೆ ಸರಿ, ಮಧ್ಯಾಹ್ನದ ಮೇಲೆ ತಪ್ಪು ಅಂದಿರಲ್ಲ, ಅದೇ ಸುಳಿವು. ಕ್ಯಾಲೆಂಡರ್‌ನಲ್ಲಿ ‘ಅವರ್’ ಅಂದರೆ 12 ಗಂಟೆಯ ಗಡಿಯಾರದ ಗಂಟೆ, ಅದರ ಜೊತೆಗೆ ಎಎಂ-ಪಿಎಂ ಅಂತ ಬೇರೆ ಒಂದು ಫೀಲ್ಡ್ ಇರುತ್ತದೆ. ನೀವು ಅವರ್‌ಗೆ 0 ಕೊಟ್ಟಿರಿ, ಪಿಎಂ ಹಾಗೇ ಉಳಿಯಿತು. ಪಿಎಂನ 0 ಗಂಟೆ ಅಂದರೆ ಮಧ್ಯಾಹ್ನ 12. ಬೆಳಿಗ್ಗೆ ಆ ಫೀಲ್ಡ್ ಎಎಂ ಆಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. 24 ಗಂಟೆಯ ಲೆಕ್ಕ ಬೇಕಾದರೆ ‘ಅವರ್ ಆಫ್ ಡೇ’ಗೆ 0 ಸೆಟ್ ಮಾಡಬೇಕು.

ಇನ್ನು ಕ್ಲಿಯರ್. ಇಲ್ಲಿ ತುಂಬಾ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಓದಿ. ಕ್ಲಿಯರ್ ಅಂದರೆ ‘ಈ ಫೀಲ್ಡ್‌ಗೆ ಯಾರೂ ಬೆಲೆ ಕೊಟ್ಟಿಲ್ಲ ಅಂದುಕೋ’ ಅಂತ ಹೇಳಿದ ಹಾಗೆ, 0 ಮಾಡು ಅಂತ ಅಲ್ಲ. ನಿಮಿಷ ಇರುವುದು ಒಂದೇ ಕಡೆ. ಹಾಗಾಗಿ ಅದನ್ನು ಕ್ಲಿಯರ್ ಮಾಡಿದರೆ 0 ಆಗುತ್ತದೆ. ಗಂಟೆ ಮಾತ್ರ ಎರಡು ಕಡೆ ಇದೆ, ಒಂದು ಸಲ ‘ಅವರ್ ಆಫ್ ಡೇ’ ಆಗಿ, ಇನ್ನೊಂದು ಸಲ ‘ಅವರ್’ ಮತ್ತು ಎಎಂ-ಪಿಎಂ ಜೋಡಿಯಾಗಿ. ನೀವು ಒಂದನ್ನು ಅಳಿಸಿದರೆ ಅದು ಇನ್ನೊಂದರಿಂದ ಗಂಟೆಯನ್ನು ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ. ಇದು ಬಗ್ ಅಲ್ಲ. ಅವರ್ ಆಫ್ ಡೇ ಕ್ಲಿಯರ್ ಮಾಡಿದರೆ ಗಂಟೆ ರೀಸೆಟ್ ಆಗುವುದಿಲ್ಲ, 0 ಸೆಟ್ ಮಾಡಿ ಅಂತ ಜಾವಾದ ದಾಖಲೆಯಲ್ಲೇ ಬರೆದಿದೆ.

ಮಿಲಿಸೆಕೆಂಡನ್ನೂ ಮರೆಯಬೇಡಿ. ನೀವು ಮೂರೇ ಫೀಲ್ಡ್ ಹೇಳಿದ್ದೀರಿ. ಕ್ಯಾಲೆಂಡರ್ ಈಗಿನ ಕ್ಷಣವನ್ನು ಮಿಲಿಸೆಕೆಂಡ್ ಸಮೇತ ಹಿಡಿದಿರುತ್ತದೆ, ನಿಮ್ಮ ‘ದಿನದ ಶುರು’ 00:00:00 ಆಗಿ ಮೇಲೆ 437 ಮಿಲಿಸೆಕೆಂಡ್ ಇರಬಹುದು. ಪಟ್ಟಿ ತರುವಾಗ ಅದು ಗೊತ್ತಾಗುವುದಿಲ್ಲ. ಆದರೆ ಎರಡು ದಿನಾಂಕ ಒಂದೇನಾ ಅಂತ ಹೋಲಿಸಿದ ದಿನ ತಲೆ ಕೆಡುತ್ತದೆ. ಪ್ರಿಂಟ್ ಮಾಡಿದರೆ ಎರಡೂ ಅಕ್ಷರ ಅಕ್ಷರ ಒಂದೇ, ಹೋಲಿಸಿದರೆ ಬೇರೆ ಬೇರೆ. ನನ್ನ ಇಡೀ ಒಂದು ವಾರ ಇದಕ್ಕೇ ಹೋಗಿದೆ, ನಿಮಗೆ ಹಾಗಾಗುವುದು ಬೇಡ.

ಸಾಲು42:

ತುಂಬಾ ಥ್ಯಾಂಕ್ಸ್! ‘ಅವರ್ ಆಫ್ ಡೇ’ಗೆ 0, ಮಿಲಿಸೆಕೆಂಡ್‌ಗೂ 0. ಈಗ ಸಂಜೆ 6 ಗಂಟೆ, ಬೆಳಗಿನ ಹಾಜರಿ ಪೂರ್ತಿ ಬಂತು.

ಧೈರ್ಯ ಬಂದು ತಿಂಗಳ ರಿಪೋರ್ಟನ್ನೂ ತೆರೆದೆ. ಅಲ್ಲಿ ಇನ್ನೂ ವಿಚಿತ್ರ. ದಿನಾಂಕ 2023ರ ಜನವರಿ 31 ಇಟ್ಟುಕೊಂಡು, ತಿಂಗಳನ್ನು ಫೆಬ್ರವರಿ ಮಾಡಿ, ಆಮೇಲೆ ತಾರೀಕನ್ನು 1 ಮಾಡಿದರೆ ಫೆಬ್ರವರಿ 1 ಬರುತ್ತದೆ, ಸರಿ. ಆದರೆ ಆ ಎರಡು ಸಾಲಿನ ನಡುವೆ ಪರೀಕ್ಷೆಗೆ ಅಂತ ಸಮಯವನ್ನು ಪ್ರಿಂಟ್ ಮಾಡಿಸಿದರೆ ಮಾರ್ಚ್ 1 ಬರುತ್ತದೆ. ಪ್ರಿಂಟ್ ತೆಗೆದರೆ ಮತ್ತೆ ಫೆಬ್ರವರಿ. ಸುಮ್ನೆ ನೋಡಿದ್ದಕ್ಕೇ ಉತ್ತರ ಬದಲಾಗುತ್ತದಾ?

ಹಳೇಜಾವಾ:

ಹೌದು, ಬದಲಾಗುತ್ತದೆ. ಕ್ಯಾಲೆಂಡರ್ ಸೆಟ್ ಮಾಡಿದ ಕೂಡಲೇ ಲೆಕ್ಕ ಹಾಕುವುದಿಲ್ಲ, ಹೇಳಿದ್ದನ್ನು ಬರೆದಿಟ್ಟುಕೊಳ್ಳುತ್ತದೆ ಅಷ್ಟೇ. ಯಾರಾದರೂ ಸಮಯ ಕೇಳಿದಾಗ ಅಥವಾ ದಿನ ಕೂಡಿಸಿದಾಗ ಲೆಕ್ಕ. ನೀವು ನಡುವೆ ಪ್ರಿಂಟ್ ಮಾಡಿದಾಗ ಅದರ ಕೈಯಲ್ಲಿ ಇದ್ದದ್ದು ಫೆಬ್ರವರಿ 31. ಅಂಥ ದಿನ ಇಲ್ಲ, ಅದಕ್ಕೆ 3 ದಿನ ಮುಂದೆ ತಳ್ಳಿ ಮಾರ್ಚ್ 3 ಮಾಡಿತು. ಆಮೇಲೆ ನೀವು ತಾರೀಕು 1 ಅಂದಿರಿ, ಮಾರ್ಚ್ 1 ಆಯಿತು. ಪ್ರಿಂಟ್ ಇಲ್ಲದಿದ್ದರೆ ಎರಡೂ ಮಾತು ಸೇರಿ ಒಂದೇ ಸಲ ಫೆಬ್ರವರಿ 1 ಅಂತ ಲೆಕ್ಕವಾಗುತ್ತದೆ. ಪರಿಹಾರ ಸುಲಭ, ಯಾವಾಗಲೂ ಮೊದಲು ತಾರೀಕನ್ನು 1 ಮಾಡಿ, ಆಮೇಲೆ ತಿಂಗಳು ಮುಟ್ಟಿ. ಮತ್ತೆ ತಿಂಗಳ ಎಣಿಕೆ 0ಯಿಂದ ಶುರು, ಜನವರಿ ಅಂದರೆ 0. ಗೊತ್ತಿರುತ್ತದೆ, ಆದರೂ ಹೇಳಿಬಿಡುತ್ತೇನೆ.

ಮುಳ್ಳು_ಮೂರು:

ಹಳೇಜಾವಾ ಅವರು ಹೇಳಿದ್ದೆಲ್ಲ ಸರಿ. ಆದರೆ ನಾನಾದರೆ ಈ ಕೋಡನ್ನು ರಿಪೇರಿ ಮಾಡುತ್ತಾ ಕೂರುವುದಿಲ್ಲ. ಕ್ಯಾಲೆಂಡರ್ 1997ರ ಜಾವಾ 1.1ರ ಕಾಲದ್ದು. 2014ರಲ್ಲಿ ಜಾವಾ 8 ಜೊತೆ ‘ಜಾವಾ.ಟೈಮ್’ ಅನ್ನುವ ಹೊಸ ದಿನಾಂಕ-ಸಮಯದ ಲೈಬ್ರರಿ ಬಂತು. ಅದರಲ್ಲಿ ‘ಲೋಕಲ್‌ಡೇಟ್’ ಅಂದರೆ ಬರೀ ದಿನ, ಅದರೊಳಗೆ ಗಂಟೆಯೇ ಇಲ್ಲ. ಇಲ್ಲದ ಗಂಟೆಯನ್ನು ಯಾರು 0 ಮಾಡಬೇಕು ಹೇಳಿ? ನಿಮಗೆ ನಿಜವಾಗಿ ಬೇಕಾಗಿರುವುದು ‘ಇವತ್ತು’ ಅನ್ನುವ ದಿನ. ಅದನ್ನು ಒಂದು ಕ್ಷಣವಾಗಿ ತೆಗೆದುಕೊಂಡು ಫೀಲ್ಡ್ ಒಂದೊಂದನ್ನೇ ಉಜ್ಜಿ ಅಳಿಸುವುದರಿಂದಲೇ ಇಷ್ಟೆಲ್ಲ ತೊಂದರೆ ಬರುತ್ತಿದೆ.

ಡೇಟಾಬೇಸ್‌ಗೆ ಕ್ಷಣವೇ ಬೇಕಾದಾಗ ಆ ಲೋಕಲ್‌ಡೇಟ್ ಮೇಲೆ ‘ಅಟ್ ಸ್ಟಾರ್ಟ್ ಆಫ್ ಡೇ’ ಕರೆದು ಟೈಮ್ ಝೋನ್ ಕೊಡಿ. 0 ಗಂಟೆ ಅಂತ ಕೈಯಿಂದ ಬರೆಯಬೇಡಿ, ಯಾಕೆಂದರೆ ದಿನ ಯಾವಾಗಲೂ 00:00ಕ್ಕೇ ಶುರುವಾಗುತ್ತದೆ ಅನ್ನುವುದೇ ಸುಳ್ಳು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 2018ರ ನವೆಂಬರ್ 4ರಂದು ಬೇಸಿಗೆ ಸಮಯಕ್ಕೆ ಗಡಿಯಾರವನ್ನು ಮಧ್ಯರಾತ್ರಿಯೇ ಒಂದು ಗಂಟೆ ಮುಂದೆ ಹಾಕಿದರು, ಹಾಗಾಗಿ ಆ ದಿನ ಶುರುವಾದದ್ದೇ 01:00ಕ್ಕೆ. ಸಮೋವಾದಲ್ಲಂತೂ 2011ರ ಡಿಸೆಂಬರ್ 30 ಅನ್ನುವ ದಿನವೇ ಇರಲಿಲ್ಲ, ದಿನಾಂಕ ರೇಖೆಯ ಆಚೆ ಬದಿಗೆ ಹೋಗಲು ಅದನ್ನು ಪೂರ್ತಿ ಬಿಟ್ಟುಬಿಟ್ಟರು.

ಕೆಲವರು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡ್ ಸಂಖ್ಯೆಯನ್ನು 8,64,00,000ರಿಂದ (24 ಗಂಟೆಯ ಮಿಲಿಸೆಕೆಂಡ್) ಭಾಗಿಸಿ, ಉಳಿದ ಶೇಷವನ್ನು ಕಳೆದು ‘ದಿನದ ಶುರು ಸಿಕ್ಕಿತು’ ಅನ್ನುತ್ತಾರೆ. ಸಿಗುವುದು ಯುಟಿಸಿಯ (ಎಲ್ಲ ಟೈಮ್ ಝೋನ್‌ಗಳಿಗೂ ಆಧಾರವಾದ ಸಮಯ) ಮಧ್ಯರಾತ್ರಿ. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಕಡೆ ಅದು ಬೆಳಿಗ್ಗೆ 5:30 ಆಗುತ್ತದೆ, ಬೆಳಗಿನ ಜಾವ 3ಕ್ಕೆ ಓಡಿಸಿದರೆ ಹಿಂದಿನ ದಿನದ 5:30. ದಯವಿಟ್ಟು ಬೇಡ.

ದಿನದ ಕೊನೆಯನ್ನು 23:59:59 ಅಂತ ಬರೆಯುವುದೂ ಬೇಡ, ಕೊನೆಯ ಸೆಕೆಂಡ್‌ನೊಳಗೆ ಬಂದ ಎಂಟ್ರಿ ತಪ್ಪಿಹೋಗುತ್ತದೆ. ಇವತ್ತಿನ ಶುರುವಿನಿಂದ ಹಿಡಿದು ನಾಳೆಯ ಶುರುವಿಗಿಂತ ಕಡಿಮೆ ಅಂತ ಕೇಳಿ. ನಾಳೆಗೆ 24 ಗಂಟೆ ಕೂಡಿಸಬೇಡಿ, ‘ಪ್ಲಸ್ ಡೇಸ್’ ಬಳಸಿ. ಗಡಿಯಾರ ಹಿಂದೆ ಮುಂದೆ ಮಾಡುವ ಕಡೆ ಕೆಲವು ದಿನಕ್ಕೆ 23 ಗಂಟೆ, ಕೆಲವಕ್ಕೆ 25.

ಒಂದು ಎಚ್ಚರಿಕೆ. ಹೊಸದರಲ್ಲಿ ‘ವಿತ್ ಅವರ್’, ‘ಟ್ರಂಕೇಟೆಡ್ ಟು’ ಎಲ್ಲ ಹೊಸ ಆಬ್ಜೆಕ್ಟ್ ಕೊಡುತ್ತವೆ, ಹಳೆಯದು ಹಾಗೇ ಇರುತ್ತದೆ. ವಾಪಸ್ ಬಂದದ್ದನ್ನು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳದಿದ್ದರೆ ಏನೂ ಆಗಿರುವುದಿಲ್ಲ. ಪೈಥಾನ್‌ನ ‘ರಿಪ್ಲೇಸ್’ ಕೂಡ ಹೀಗೇ.

ಪರದೆ_ಕಡೆಯವಳು:

ನಾನು ಜಾವಾಸ್ಕ್ರಿಪ್ಟ್ ಕಡೆಯವಳು, ಅಲ್ಲಿ ಇದಕ್ಕೆ ತದ್ವಿರುದ್ಧ. ‘ಸೆಟ್ ಅವರ್ಸ್’ಗೆ ನಾಲ್ಕು 0 ಕೊಟ್ಟರೆ ಗಂಟೆಯಿಂದ ಮಿಲಿಸೆಕೆಂಡ್ ತನಕ ಎಲ್ಲ ಒಂದೇ ಏಟಿಗೆ ಅಳಿಸುತ್ತದೆ, ಚೆನ್ನಾಗಿದೆ, ಆದರೆ ಅದು ಮೂಲ ಡೇಟ್ ಆಬ್ಜೆಕ್ಟನ್ನೇ ಬದಲಾಯಿಸುತ್ತದೆ. ಬೇರೆ ಕಡೆ ಅದೇ ಆಬ್ಜೆಕ್ಟ್ ಬಳಕೆಯಲ್ಲಿದ್ದರೆ ಅಲ್ಲಿಯೂ ಸಮಯ ಹೋಯಿತು. ಮೊದಲು ಪ್ರತಿ ಮಾಡಿಕೊಳ್ಳಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಸಂಬಂಧ ಇದೆ ಅಂತಲೇ ನನಗೆ ಅನಿಸುತ್ತದೆ. ಅಲ್ಲಿಯೂ ‘ಬೆಲೆ ಇಲ್ಲ’ ಮತ್ತು ‘0’ ಎರಡನ್ನೂ ಒಂದೇ ಅಂದುಕೊಂಡದ್ದೇ ಕಾರಣ. ಕಂಪ್ಯೂಟರಿಗೆ 0 ಮಿಲಿಸೆಕೆಂಡ್ ಅಂದರೆ 1970ರ ಜನವರಿ 1, ಯುಟಿಸಿ ಮಧ್ಯರಾತ್ರಿ. ಖಾಲಿ ದಿನಾಂಕ ಎಲ್ಲೋ ಒಂದು ಕಡೆ 0 ಆಗಿ ತಿರುಗಿ ಬಿಟ್ಟಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ‘ನಲ್’ (ಬೆಲೆಯೇ ಇಲ್ಲ ಅನ್ನುವ ಗುರುತು) ಕೊಟ್ಟು ಡೇಟ್ ಮಾಡಿದರೆ 1970 ಬರುತ್ತದೆ, ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರ ಇಲ್ಲದ ಪಠ್ಯ) ಕೊಟ್ಟರೆ ಇನ್‌ವ್ಯಾಲಿಡ್ ಡೇಟ್ ಬರುತ್ತದೆ. ನೀವು ಕೆಲವು ಸಲ ಮಾತ್ರ ಅಂದಿದ್ದು ಇದಕ್ಕೇ ಇರಬಹುದು. ಜಾವಾ ಕಡೆಯೂ ನೋಡಿ. ಕಾಲಂ ಅನ್ನು ‘ಗೆಟ್ ಲಾಂಗ್’ನಿಂದ ಓದುತ್ತಿದ್ದರೆ, ಡೇಟಾಬೇಸ್‌ನಲ್ಲಿ ನಲ್ ಇದ್ದರೂ ಅದು ಸದ್ದಿಲ್ಲದೆ 0 ಕೊಡುತ್ತದೆ. ಪಕ್ಕದಲ್ಲೇ, ಓದಿದ್ದು ನಲ್ ಆಗಿತ್ತಾ ಅಂತ ‘ವಾಸ್ ನಲ್’ ಕೇಳಬೇಕು.

ಫಾರ್ಮ್‌ನ ‘ರೀಸೆಟ್’ ಬಟನ್ ಕೂಡ ಖಾಲಿ ಮಾಡುವುದಿಲ್ಲ, ಪುಟ ತೆರೆದಾಗ ಯಾವ ಬೆಲೆ ಇತ್ತೋ ಅದಕ್ಕೆ ವಾಪಸ್ ಒಯ್ಯುತ್ತದೆ. ಖಾಲಿ ಬೇಕಾದರೆ ಆ ದಿನಾಂಕದ ಇನ್‌ಪುಟ್‌ಗೆ ಖಾಲಿ ಸ್ಟ್ರಿಂಗ್ ಕೊಡಿ, ಸರ್ವರ್‌ಗೆ ನಲ್ ಕಳಿಸಿ, ಕಾಲಂನಲ್ಲಿ ನಲ್ ಇಡಿ.

ಸಾಲು42:

ಸಿಕ್ಕಿತು! ‘ಗೆಟ್ ಲಾಂಗ್’ ಇದೆ, ‘ವಾಸ್ ನಲ್’ ಇಲ್ಲ. ಪಟ್ಟಿಯ ಕೋಡನ್ನು ಲೋಕಲ್‌ಡೇಟ್‌ಗೆ ಬದಲಾಯಿಸಿದೆ, 14 ಸಾಲು ಹೋಗಿ 3 ಸಾಲು ಉಳಿಯಿತು. ಈಗಾಗಲೇ ಉಳಿದುಕೊಂಡಿರುವ 1970ರ ಸಾಲುಗಳನ್ನು ಒಂದೇ ಅಪ್‌ಡೇಟ್‌ನಲ್ಲಿ ನಲ್ ಮಾಡಿಬಿಡಬಹುದಾ?

ಪರದೆ_ಕಡೆಯವಳು:

ಕೆಲಸ ಬಿಟ್ಟ ದಿನಾಂಕದ ಕಾಲಂನಲ್ಲಿ ಮಾಡಬಹುದು, 1970ರಲ್ಲಿ ಬಿಟ್ಟವರ ಲೆಕ್ಕ ನಿಮ್ಮ ಹತ್ತಿರ ಇರಲಾರದು. ಆದರೂ ಮೊದಲು ಟೇಬಲ್‌ನ ಪ್ರತಿ ತೆಗೆದಿಟ್ಟುಕೊಳ್ಳಿ. ಹುಟ್ಟಿದ ದಿನದ ಕಾಲಂ ಮಾತ್ರ ಹೀಗೆ ಒಟ್ಟಿಗೆ ಮುಟ್ಟಬೇಡಿ, ನಿಜವಾಗಿ 1970ರ ಜನವರಿ 1ರಂದೇ ಹುಟ್ಟಿದವರು ಅದರಲ್ಲಿ ಇರಬಹುದು ಅಲ್ವಾ. ಅವನ್ನು ಒಂದೊಂದಾಗಿ ಕೇಳಿ ನೋಡಿಯೇ ಸರಿ ಮಾಡಬೇಕು.