ಪದಚರ್ಚೆ: ‘ಟೈಮಿಂಗ್ ಮುಂದೆ’ ಅಂದರೆ ಬೇಗವೋ, ತಡವೋ?

ಬಳಗದವರಿಗೆ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರುಗಳ ಡಿಸ್ಟ್ರಿಬ್ಯೂಟರಿಗೆ (ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಅಂಟಿಕೊಂಡಿರುವ, ಕಿಡಿ ಹಾರುವ ಹೊತ್ತನ್ನು ಸರಿಸುವ ಡಬ್ಬಿ ‘ವ್ಯಾಕ್ಯೂಮ್ ಅಡ್ವಾನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ? ಪುಣೆಯ ಒಂದು ಗ್ಯಾರೇಜಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿಗೆ ಬರುವುದು ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್ ತರಹದ ಗಾಡಿಗಳು. ಕೆಲಸ ಮಾಡುವವರು ಬಾಗಲಕೋಟೆ, ವಿಜಯಪುರದ ಕಡೆಯವರು; ಆಡುವುದು ಮರಾಠಿ, ಹಿಂದಿ ಎಲ್ಲ ಬೆರೆಸಿ, ಸಲೀಸಾಗಿ ಓದುವುದು ಕನ್ನಡವನ್ನೇ. ಡಿಸ್ಟ್ರಿಬ್ಯೂಟರಿಗೆ ಅವರು ‘ಡೆಲ್ಕೋ’ ಅನ್ನುತ್ತಾರೆ. ಡೆಲ್ಕೋ ಬೇರೆ ಕಂಪನಿಯ ಹೆಸರು, ಆದರೂ ಲೂಕಾಸ್ ಕಂಪನಿಯ ಮಾಲಿಗೂ ಡೆಲ್ಕೋ ಎಂದೇ ಹೆಸರು! ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ‘ಅಡ್ವಾನ್ಸ್’ನಲ್ಲಿ.

ನಿಘಂಟು ತೆಗೆದರೆ ‘ಮುಂಗಡ’ ಸಿಗುತ್ತದೆ. ‘ನಿರ್ವಾತ ಮುಂಗಡ’ ಎಂದು ಬರೆದರೆ ಸಂಬಳದಲ್ಲಿ ಮುರಿದುಕೊಳ್ಳುವ ಬಾಬತ್ತು ಎಂದುಕೊಂಡಾರು. ಕಿಡಿ ಹಾರುವ ಹೊತ್ತಿಗೆ ಟೈಮಿಂಗ್ ಎಂದು ಹೆಸರು; ಗ್ಯಾರೇಜಿನ ಮಾತು ‘ಟೈಮಿಂಗ್ ಮುಂದೆ ಮಾಡು, ಹಿಂದೆ ಮಾಡು’. ಬಾನೆಟ್ ಎತ್ತಿಕೊಂಡು ಪಕ್ಕದಲ್ಲೇ ನಿಂತವರಿಗೆ ಇದು ಸಾಕು, ಡೆಲ್ಕೋ ತಿರುಗುವುದು ಕಣ್ಣಿಗೆ ಕಾಣುತ್ತದೆ. ಕಾಗದದ ಮೇಲೆ ಬಂದಾಗ ಅರ್ಥ ತಲೆಕೆಳಗಾಗುತ್ತದೆ. ಸಭೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು. ‘ಮುಂದೂಡು’ ಪದ ಇರುವುದೇ ಅದಕ್ಕೆ. ಮರಾಠಿಯ ‘ಪುಢೆ ಢಕಲ್ಣೆ’ಯೂ ಇದೇ ಜಾತಿ. ‘ಹಿಂದೆ’ ಅಂದರೋ, ಕಳೆದುಹೋದ ಕಾಲ. ಇಲ್ಲಿ ಬೇಕಾದದ್ದು ತದ್ವಿರುದ್ಧ: ಅಡ್ವಾನ್ಸ್ ಅಂದರೆ ಕಿಡಿ ಬೇಗ ಹಾರಬೇಕು.

ಯಾಕೆ ಬೇಗ ಎಂಬುದನ್ನೂ ಹೇಳಿಬಿಡುತ್ತೇನೆ, ಪದ ಆರಿಸುವಾಗ ಬೇಕಾಗುತ್ತದೆ. ಪೆಟ್ರೋಲ್ ಮಿಶ್ರಣ ಉರಿಯಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಇನ್ನಷ್ಟು ಬೇಗ ಕೊಡಿಸಲು ಡೆಲ್ಕೋ ಒಳಗೆ ಸ್ಪ್ರಿಂಗಿಗೆ ಕಟ್ಟಿದ ತೂಕಗಳಿವೆ. ಆದರೆ ಸಪಾಟು ರಸ್ತೆಯಲ್ಲಿ ಆಕ್ಸಲರೇಟರಿನ ಮೇಲೆ ಕಾಲು ಹಗುರಾಗಿದ್ದಾಗ ಸಿಲಿಂಡರಿಗೆ ಹೋಗುವ ಮಿಶ್ರಣ ಕಡಿಮೆ, ಅದು ಉರಿಯುವುದೂ ನಿಧಾನ. ಆಗ ಇನ್ನೂ ಕೆಲವು ಡಿಗ್ರಿ ಬೇಗ ಕಿಡಿ ಕೊಡುವುದು ಪಕ್ಕದ ಡಬ್ಬಿಯ, ಅಂದರೆ ವ್ಯಾಕ್ಯೂಮ್ ಅಡ್ವಾನ್ಸಿನ, ಕೆಲಸ. ಅದರೊಳಗಿನ ಡಯಾಫ್ರಾಮನ್ನು (ತೆಳು ಪೊರೆ) ಕಾರ್ಬೋರೇಟರಿನಿಂದ ಬಂದ ಪೈಪ್ ಎಳೆಯುತ್ತದೆ, ಡಯಾಫ್ರಾಮ್ ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್ಚು) ಕೂತ ತಟ್ಟೆಯನ್ನು ಎಳೆಯುತ್ತದೆ. ಲೂಕಾಸ್ 25ಡಿ4 ಎಂಬ ಮಾದರಿಯ ಡೆಲ್ಕೋದ ಡಬ್ಬಿಯ ಮೇಲೆ 5-13-10 ಎಂದು ಒತ್ತಿದ್ದರೆ, 5 ಇಂಚು ಪಾದರಸದ ಎಳೆತಕ್ಕೆ ಸರಿಯಲು ಶುರು, 13ಕ್ಕೆ ಮುಗಿತಾಯ, ಹೆಚ್ಚೆಂದರೆ 10 ಡಿಗ್ರಿ ಎಂದರ್ಥ. ಡೆಲ್ಕೋ ಸುತ್ತುವುದು ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಅರ್ಧ ವೇಗದಲ್ಲಾದ್ದರಿಂದ ಕ್ರ್ಯಾಂಕಿನ ಲೆಕ್ಕದಲ್ಲಿ ಅದು 20 ಡಿಗ್ರಿ.

ನನ್ನ ಸೂಚನೆ ‘ಮುಂಗಿಡಿ’. ಮುಂಗಾರು, ಮುಂಜಾವು, ಮುಂಗೋಳಿ ಎಲ್ಲದರಲ್ಲೂ ‘ಮುಂ’ ಮೊದಲು ಬಂದದ್ದನ್ನೇ ಹೇಳುತ್ತದೆ, ತಡವಾದದ್ದನ್ನಲ್ಲ. ಬಿಡಿಯಾಗಿ ನಿಂತ ‘ಮುಂದೆ’ಗೆ ಇರುವ ಇಬ್ಬಂದಿ ಸಮಾಸದೊಳಗೆ ಇಲ್ಲ. ರಿಟಾರ್ಡ್‌ಗೆ (ಕಿಡಿ ತಡಮಾಡುವುದಕ್ಕೆ), ಹಿಂಗಾರಿನ ಹಾಗೆ, ‘ಹಿಂಗಿಡಿ’. ಅದೂ ಬೇಕೇ ಬೇಕು: ಅಮೆರಿಕಕ್ಕೆ ಹೋದ ಟ್ರಯಂಫ್ ಟಿಆರ್6ಗಳಲ್ಲಿ ಹೊಗೆ ತಗ್ಗಿಸಲೆಂದು ಕಿಡಿಯನ್ನು ತಡಮಾಡುವ ಡಬ್ಬಿಯನ್ನೂ ಕೂರಿಸಿದ್ದರು.

ಇನ್ನು ವ್ಯಾಕ್ಯೂಮ್. ಪಠ್ಯಪುಸ್ತಕದ ‘ನಿರ್ವಾತ’ ನನಗೆ ಒಗ್ಗುತ್ತಿಲ್ಲ. ಗಾಳಿಯೇ ಇಲ್ಲದಿದ್ದರೆ ಮಾಪಕ 30 ಇಂಚಿನ ಹತ್ತಿರ ತೋರಿಸಬೇಕು. ಆರೋಗ್ಯವಾಗಿರುವ ಎಂಜಿನ್ ಐಡಲ್‌ನಲ್ಲಿ ತೋರಿಸುವುದು 18–20. ಸಾಕಷ್ಟು ಗಾಳಿ ಅಲ್ಲೇ ಇದೆಯಲ್ಲ! ಗ್ಯಾರೇಜಿನ ಹಿರಿಯ ಮಿಸ್ತ್ರಿ ಅಂಬಾಸಡರ್‌ನಲ್ಲಿ ಕೈ ಪಳಗಿಸಿಕೊಂಡವರು (ಅದರ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದವೇ). ಅವರು ಡೆಲ್ಕೋ ಮುಚ್ಚಳ ತೆಗೆದು, ಪೈಪಿನ ತುದಿ ಬಾಯಲ್ಲಿಟ್ಟು ಎಳೆದು, ನಾಲಿಗೆಯಿಂದ ಒತ್ತಿ ಮುಚ್ಚುತ್ತಾರೆ. ಪಾಯಿಂಟಿನ ತಟ್ಟೆ ಸರಿದು ಅಲ್ಲೇ ನಿಂತರೆ ಡಯಾಫ್ರಾಮ್ ಗಟ್ಟಿ. ನಿಲ್ಲದೆ ವಾಪಸ್ ಜಾರಿದರೆ ಪೈಪ್ ಉಗುಳಿ ಹೇಳುತ್ತಾರೆ: “ಹವಾ ಹಿಡಿಯವಲ್ದು ಸರ, ಎಷ್ಟ್ ಜಗ್ಗಿದ್ರೂ ಅಷ್ಟ.” ಎಳೆ ಎಂಬ ಅರ್ಥದ ಈ ‘ಜಗ್ಗು’ ಎಷ್ಟು ಕರಾರುವಾಕ್ಕಾದ ಪದ! ಮೈಸೂರು ಕಡೆಯವರಿಗೆ ಅದು ಬಾಗುವುದು, ಇಳಿಬೀಳುವುದು ಎಂದೂ ಕೇಳಿಸಬಹುದು. ಅವರಿಗಾಗಿ ‘ಎಳೆತ’ ಅನ್ನೋಣವೇ?

ಕೊನೆಯದು ಎರಡು ಬಗೆಯ ಜೋಡಣೆ. ಒಂದರಲ್ಲಿ ಪೈಪಿನ ತೂತು ಥ್ರಾಟಲ್ ತಟ್ಟೆಯ (ಆಕ್ಸಲರೇಟರ್ ತುಳಿದಾಗ ತೆರೆಯುವ ಬಿಲ್ಲೆ) ಅಂಚಿಗೆ ತಾಗಿದಂತೆ, ಏರ್ ಫಿಲ್ಟರಿನ ಕಡೆಗಿರುತ್ತದೆ. ಐಡಲ್‌ನಲ್ಲಿ ಎಳೆತವಿಲ್ಲ, ತಟ್ಟೆ ತುಸು ತೆರೆದು ಅಂಚು ತೂತನ್ನು ದಾಟಿದಾಗ ಎಳೆತ ಶುರು. ಇನ್ನೊಂದು ನೇರ ಮ್ಯಾನಿಫೋಲ್ಡಿಗೆ (ಕಾರ್ಬೋರೇಟರಿನಿಂದ ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆ). ಅಲ್ಲಿ ಐಡಲ್‌ನಲ್ಲೇ ಜೋರು ಎಳೆತ. ಪೂರ್ತಿ ತುಳಿದಾಗ ಎರಡರಲ್ಲೂ ಎಳೆತ ಸೊನ್ನೆಗೆ ಹತ್ತಿರ. ಮೊದಮೊದಲಿನ ಎಂಜಿಬಿಗಳಲ್ಲಿ ಮೊದಲನೆಯ ಬಗೆ, 1970ರ ದಶಕದಲ್ಲಿ ಅಮೆರಿಕಕ್ಕೆ ಹೋದವುಗಳಲ್ಲಿ ಎರಡನೆಯದು. ಅದಲುಬದಲು ಮಾಡಿದರೆ ಐಡಲ್ ಕೆಡುತ್ತದೆ. ‘ಮೇಲಿನ ತೂತು, ಕೆಳಗಿನ ತೂತು’ ಎನ್ನೋಣವೆಂದರೆ ಎಂಜಿಬಿಯ ಎಸ್‌ಯು ಕಾರ್ಬೋರೇಟರ್ ಅಡ್ಡ ಮಲಗಿದೆ, ಮೇಲು ಕೆಳಗು ಎಲ್ಲಿಂದ ಬಂತು? ಸದ್ಯಕ್ಕೆ ‘ಅಂಚಿನೆಳೆತ’, ‘ನೇರೆಳೆತ’ ಎಂದು ಬರೆದಿಟ್ಟಿದ್ದೇನೆ. ಎರಡನೆಯದು ನಾಲಿಗೆಗೆ ತೊಡರುತ್ತದೆ, ಬೇರೆ ಇದ್ದರೆ ಕೊಡಿ.

25ಡಿ4ರ ಮೈಮೇಲೆ ಟೈಮಿಂಗ್ ತುಸುವೇ ಸರಿಸುವ ಸಣ್ಣ ತಿರುಪಿನ ಪಕ್ಕ ‘ಎ’ (ಅಡ್ವಾನ್ಸ್), ‘ಆರ್’ (ರಿಟಾರ್ಡ್) ಅಕ್ಷರಗಳಿವೆ. ಹುಡುಗರು “ಎ ಕಡೆ ನಾಕ್ ಕಟ್ ತಿರುಗ್ಸು” ಎಂದೇ ಕೆಲಸ ಸಾಗಿಸುತ್ತಾರೆ. ಆದ್ದರಿಂದ ಪದ ಬೇಕಿರುವುದು ತಿರುಪಿಗಲ್ಲ, ಇಂಥ ವಾಕ್ಯಕ್ಕೆ: ‘ಡಬ್ಬಿಯ ಪೈಪ್ ಬಿಚ್ಚಿ, ಅದರ ಬಾಯಿ ಮುಚ್ಚಿ, ಆಮೇಲೆ ಟೈಮಿಂಗ್ ಲೈಟ್ ಹಿಡಿದು ಮುಂಗಿಡಿ ಎಷ್ಟು ಡಿಗ್ರಿ ಎಂದು ನೋಡಬೇಕು.’ ಮುಂಬೈ, ಗೋವೆಯ ಗ್ಯಾರೇಜುಗಳಲ್ಲಿ ಒಡನಾಟವಿರುವವರು ಇದನ್ನು ಅಲ್ಲಿನ ಕನ್ನಡದ ಮಿಸ್ತ್ರಿಗಳಿಗೆ ಓದಿ ಹೇಳಿ, ಅವರು ಡೆಲ್ಕೋವನ್ನು ಯಾವ ಕಡೆ ತಿರುಗಿಸಲು ಹೋದರು ಎಂದು ತಿಳಿಸುವಿರಾ?