ಧರ್ಮ ಇಲ್ಲದಿದ್ದರೆ ನೀತಿ ಉಳಿಯುತ್ತದಾ?

ಪ್ರಶ್ನೆ: ಯಾರೂ ನೋಡುತ್ತಿಲ್ಲ, ದಾರಿಯಲ್ಲಿ ದುಡ್ಡು ತುಂಬಿದ ಪರ್ಸ್ ಸಿಕ್ಕಿತು ಅಂದುಕೊಳ್ಳಿ. ದೇವರನ್ನು ನಂಬದವನು ಅದನ್ನು ಯಾಕೆ ವಾಪಸ್ ಕೊಡಬೇಕು?

ಉತ್ತರ 1: ಕಳೆದುಕೊಂಡವರ ಪರದಾಟ ಅವನಿಗೂ ಗೊತ್ತು, ಸಾಲದಾ? ನರಕಕ್ಕೆ ಹೆದರಿ ಕೊಟ್ಟರೆ ಅದು ಒಳ್ಳೆಯತನ ಅಲ್ಲ, ಸುಮ್ನೆ ಲೆಕ್ಕಾಚಾರ.

ಉತ್ತರ 2: ಪ್ಲೇಟೋ ಬರಹದಲ್ಲಿ ಸಾಕ್ರಟೀಸ್ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ದೇವರು ಮೆಚ್ಚಿದ್ದಕ್ಕೆ ಅದು ಒಳ್ಳೆಯದಾ, ಒಳ್ಳೆಯದು ಅಂತ ದೇವರು ಮೆಚ್ಚಿದನಾ? ಎರಡನೆಯದು ಅಂದರೆ ಒಳ್ಳೆಯದಕ್ಕೆ ದೇವರ ಅಪ್ಪಣೆ ಬೇಕಿಲ್ಲ ಅಂತಾಯ್ತು, ಅಲ್ವಾ?

ಉತ್ತರ 3: 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪಕ್ಕದ ಕೋತಿಗೆ ದ್ರಾಕ್ಷಿ, ತನಗೆ ಮಾತ್ರ ಸೌತೆಕಾಯಿ ಅಂತ ಕಂಡಾಗ ಕಪುಚಿನ್ ಕೋತಿಗಳು ಎಷ್ಟೋ ಸಲ ಸೌತೆಕಾಯಿ ಬೇಡ ಅಂದವು. ಅವುಗಳದ್ದು ಯಾವ ಧರ್ಮ?

ಪ್ರಶ್ನೆ ಕೇಳಿದವರು: ತನಗೆ ಅನ್ಯಾಯ ಆಯ್ತು ಅಂತ ಸಿಟ್ಟಾಗುವುದು ಬೇರೆ, ಪಕ್ಕದವನ ಪರ ನಿಲ್ಲುವುದು ಬೇರೆ. ಅದನ್ನು ಜಾಸ್ತಿ ಜನಕ್ಕೆ ಕಲಿಸಿದ್ದು ಧರ್ಮವೇ.