ಆಮೆಟ್ರಿನ್: ಗೆರೆ ಇಷ್ಟು ನೇರವಿದ್ದರೆ ಅಂಟಿಸಿದ ಹರಳೇ?

ಹರಳುಪ್ರಿಯ:
ಆಮೆಟ್ರಿನ್ (ಒಂದೇ ಹರಳಿನಲ್ಲಿ ನೇರಳೆ, ಹಳದಿ ಎರಡೂ ಬಣ್ಣವಿರುವ ಸ್ಫಟಿಕ) ಕೊಳ್ಳಲು ನೋಡುತ್ತಿದ್ದೇನೆ. 12×10 ಮಿ.ಮೀ. ಎಮರಾಲ್ಡ್ ಕಟ್ (ಮೂಲೆ ಕತ್ತರಿಸಿದ ಆಯತ), ಸುಮಾರು 5 ಕ್ಯಾರಟ್. ಅರ್ಧ ನೇರಳೆ, ಅರ್ಧ ಜೇನುಬಣ್ಣ, ನಡುವೆ ಚಾಕುವಿನಿಂದ ಕೊಯ್ದಂಥ ಗೆರೆ. ವಕ್ರೀಭವನಾಂಕ (ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.544–1.553 ಇದೆ, ಹಾಗಾಗಿ ನೈಸರ್ಗಿಕ ಎನ್ನುತ್ತಾರೆ ಮಾರುವವರು. ನಂಬಬಹುದೇ? ಬೆಳ್ಳಿ ಉಂಗುರಕ್ಕೆ ಕೂರಿಸುವ ಯೋಚನೆ ಇದೆ.

ಸಾಣೆಕಲ್ಲು:
ನೇರ ಗೆರೆ ಕಂಡು ಹೆದರಬೇಡಿ, ಒಳ್ಳೆಯ ಆಮೆಟ್ರಿನ್‌ನ ಲಕ್ಷಣವೇ ಅದು. ಬೊಲಿವಿಯಾದ ಅನಾಹಿ ಗಣಿಯ ಹರಳಿನ ತುದಿಯಲ್ಲಿ ಆರು ಓರೆ ಮುಖಗಳಿರುತ್ತವೆ. ಒಂದು ಬಿಟ್ಟು ಒಂದರಂತೆ ಮೂರರ ಕೆಳಗೆ ನೇರಳೆ, ಉಳಿದ ಮೂರರ ಕೆಳಗೆ ಹಳದಿ ಬೆಳೆದಿರುತ್ತದೆ. ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣವೇ. ಗೆರೆಯನ್ನು ಸರಿಯಾಗಿ ನಡುವೆ ತರುವುದು ಸಾಣೆ ಹಿಡಿಯುವವರ ಕೈಚಳಕ. ದುಂಡಗೆ ಕತ್ತರಿಸಿದರೆ ಪ್ರತಿಫಲನದಲ್ಲಿ ಎರಡೂ ಬಣ್ಣ ಬೆರೆತುಹೋಗುತ್ತವೆ, ಅದಕ್ಕೇ ಎಮರಾಲ್ಡ್ ಕಟ್.

ಅಂಟಿನ ಅನುಮಾನವಿದ್ದರೆ ಬಿಳಿ ಬಟ್ಟಲಿನ ನೀರಿನಲ್ಲಿ ಹರಳು ಮುಳುಗಿಸಿ, ಪಕ್ಕದಿಂದ 10x ಲೂಪ್‌ನಲ್ಲಿ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ) ನೋಡಿ. ಅಂಟಿಸಿದ್ದಾದರೆ ಅಂಟಿನ ಪದರದಲ್ಲಿ ಚಪ್ಪಟೆ ಗುಳ್ಳೆಗಳು ಕಾಣುತ್ತವೆ.

ಪೋಲಾರಿಸ್ಕೋಪ್:
ಆ ವಕ್ರೀಭವನಾಂಕ ಹೇಳುವುದು ಇಷ್ಟೇ: ಇದು ಸ್ಫಟಿಕ (ಕ್ವಾರ್ಟ್ಸ್), ಗಾಜಲ್ಲ. ಲ್ಯಾಬ್‌ನಲ್ಲಿ ಬೆಳೆಸಿದ ಆಮೆಟ್ರಿನ್‌ಗೂ ಅದೇ ಅಂಕಿ, ಅದೇ 2.65 ಸಾಂದ್ರತೆ. ರಷ್ಯಾದ ಹೈಡ್ರೋಥರ್ಮಲ್ (ಒತ್ತಡದ ಬಿಸಿನೀರಿನ ದ್ರಾವಣದಲ್ಲಿ ಬೆಳೆಸಿದ) ಹರಳು 1990ರ ದಶಕದಿಂದಲೇ ಮಾರುಕಟ್ಟೆಯಲ್ಲಿದೆ. ಪೋಲಾರಿಸ್ಕೋಪ್‌ನಲ್ಲಿ (ಎರಡು ಧ್ರುವೀಕರಣ ಫಿಲ್ಟರ್‌ಗಳ ನಡುವೆ ಹರಳು ಇಟ್ಟು ನೋಡುವ ಉಪಕರಣ) ಹರಳಿನ ಉದ್ದದ ಅಕ್ಷದ ದಿಕ್ಕಿನಿಂದ ನೋಡಿ: ಅನಾಹಿಯದಾದರೆ ನೇರಳೆ ಭಾಗದಲ್ಲಿ ಬ್ರೆಜಿಲ್ ಅವಳಿಯ (ಎಡ-ಬಲ ಕನ್ನಡಿ ರೂಪದ ಸ್ಫಟಿಕಗಳು ಒಂದರೊಳಗೊಂದು ಬೆಳೆದದ್ದು) ಪಟ್ಟೆಗಳು ಸಾಮಾನ್ಯ, ಹಳದಿ ಭಾಗದಲ್ಲಿ ಅಪರೂಪ. ಪಟ್ಟೆ ಇಲ್ಲದಿದ್ದರೆ ಅನುಮಾನಿಸಿ, ಆದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಶಾಖ ಮತ್ತು ವಿಕಿರಣದಿಂದ ಸಾದಾ ಅಮೆಥಿಸ್ಟ್‌ನಲ್ಲೂ (ನೇರಳೆ ಸ್ಫಟಿಕ) ಎರಡು ಬಣ್ಣ ತರಿಸಬಹುದು. ದುಡ್ಡು ಕೊಡುವ ಮೊದಲು ಲ್ಯಾಬ್ ವರದಿ ಕೇಳಿ.

ಹರಳುಪ್ರಿಯ:
ಉಂಗುರಕ್ಕೆ ಬೆಸುಗೆ ಹಾಕುವಾಗ ಹರಳು ಒಳಗಿರಬಹುದೇ?

ಸಾಣೆಕಲ್ಲು:
ಖಂಡಿತ ಬೇಡ. 400–500 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೇರಳೆ ಹಳದಿಗೆ ತಿರುಗಬಹುದು ಅಥವಾ ಬಿಳಚಬಹುದು, 573ರಲ್ಲಿ ಸ್ಫಟಿಕದ ರಚನೆಯೇ ಬದಲಾಗಿ ಬಿರುಕು ಬಿಡುತ್ತದೆ. ಬೆಳ್ಳಿ ಬೆಸುಗೆಗೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಶಾಖ ಬೇಕು. ಚೌಕಟ್ಟಿನ ಬೆಸುಗೆ, ಪಾಲಿಶ್ ಎಲ್ಲ ಮುಗಿಸಿ ಕೊನೆಗೆ ಹರಳು ಕೂರಿಸಿ. ಮುಂದೆ ಅಳತೆ ತಿದ್ದಿಸುವಾಗಲೂ ಮೊದಲು ಹರಳು ಬಿಡಿಸಲು ಹೇಳಿ, ಅವಸರದಲ್ಲಿ ಹಾಳಾಗುವುದು ಹೆಚ್ಚಾಗಿ ಅಲ್ಲೇ. ಹಿಂಬದಿ ಮುಚ್ಚಬೇಡಿ, ಬೆಳಕು ಬಾರದಿದ್ದರೆ ನೇರಳೆ ಕಪ್ಪಾಗಿ ಕಾಣುತ್ತದೆ. ಕಾಠಿಣ್ಯ (ವಜ್ರಕ್ಕೆ 10 ಇರುವ ಮೋಸ್ ಮಾಪಕದಲ್ಲಿ) 7 ಮಾತ್ರ, ಮೂಲೆಗಳು ಬೇಗ ಚೂರೇಳುತ್ತವೆ. ನಾಲ್ಕೂ ಮೂಲೆಗೆ ಹರಳನ್ನು ಹಿಡಿದಿಡುವ ಅಗಲವಾದ ಲೋಹದ ಹಿಡಿ ಕೊಡಿಸಿ. ತೊಳೆಯಲು ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆ ಬ್ರಶ್ ಸಾಕು. ಸ್ಟೀಮ್ ಬೇಡ, ಕಿಟಕಿಯ ಬಿಸಿಲಿನಲ್ಲಿ ಇಡುವುದೂ ಬೇಡ.